ಒಂದೇ ಪೆಟ್ಟಿಗೆಯಲ್ಲಿ ಹನ್ನೆರಡು ವಿಎಂ: ರ‍್ಯಾಮ್ ಎಷ್ಟು, ಕೋರ್ ಎಷ್ಟು, ಡಿಸ್ಕ್ ಎಂಥದ್ದು?

ನೆರಳುಯಂತ್ರ:
ಮನೆಯ ಡೆಸ್ಕ್‌ಟಾಪ್‌ನಲ್ಲಿ ಏಕಕಾಲಕ್ಕೆ 12 ವಿಎಂ (ವರ್ಚುವಲ್ ಮಷಿನ್, ಅಂದರೆ ಒಂದು ಯಂತ್ರದೊಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್) ಓಡಬೇಕು. ವಿಂಡೋಸ್ ಸರ್ವರ್ 1 (ಡೊಮೈನ್ ಕಂಟ್ರೋಲರ್, ಅಂದರೆ ಜಾಲದ ಲಾಗಿನ್ ನೋಡಿಕೊಳ್ಳುವ ಸರ್ವರ್), ವಿಂಡೋಸ್ 11 ಎರಡು, ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ನೋಡ್ 3, ಪೋಸ್ಟ್‌ಗ್ರೆಸ್ ಡೇಟಾಬೇಸ್ 1, ಫೈರ್‌ವಾಲ್ 1, ಚಿಕ್ಕಪುಟ್ಟ ಲಿನಕ್ಸ್ ಸರ್ವರ್ 4. ಈಗಿರುವುದು 6 ಕೋರ್ 12 ಥ್ರೆಡ್ ಪ್ರೊಸೆಸರ್, 16 ಜಿಬಿ ಡಿಡಿಆರ್4, 1 ಟಿಬಿ ಸಾಟಾ ಎಸ್‌ಎಸ್‌ಡಿ, ಹೋಸ್ಟ್ (ವಿಎಂಗಳನ್ನು ಹೊರುವ ಮೂಲ ಓಎಸ್) ವಿಂಡೋಸ್ 11, ಮೇಲೆ ವಿಎಂ ನಡೆಸುವ ವರ್ಚುವಲ್‌ಬಾಕ್ಸ್. ಐದನೇ ವಿಎಂ ಎದ್ದ ಕೂಡಲೇ ಮೌಸ್ ಕೂಡ ತಡವರಿಸುತ್ತದೆ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 20% ದಾಟುವುದಿಲ್ಲ. 16 ಕೋರ್‌ನ ಪ್ರೊಸೆಸರ್ ಹಾಕಿದರೆ ಸರಿಹೋದೀತೇ?

ಒರಟುಗಣಿತ:
ಇಲ್ಲ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಸಿಪಿಯು 20%ರಲ್ಲಿ ಸುಮ್ಮನೆ ಕೂತಿದೆ. ಅದಕ್ಕೆ ಇನ್ನೂ ಹತ್ತು ಕೋರ್ ಸೇರಿಸಿದರೆ ಸುಮ್ಮನೆ ಕೂರುವ ಕೋರ್‌ಗಳು ಹೆಚ್ಚಾಗುತ್ತವೆ, ಅಷ್ಟೇ.

ಮೊದಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, "ಕಮಿಟೆಡ್" ಅನ್ನುವ ಜೋಡಿ ಅಂಕಿ ನೋಡಿ. ಎಡಗಡೆಯ ಅಂಕಿ 16 ದಾಟಿ ಬಹಳ ಮುಂದೆ ಹೋಗಿದ್ದರೆ, ಕೊರತೆ ಬಿದ್ದದ್ದನ್ನು ಹೋಸ್ಟ್ ಡಿಸ್ಕಿನ ಮೇಲಿನ ಪೇಜ್‌ಫೈಲ್‌ನಿಂದ ತುಂಬಿಕೊಳ್ಳುತ್ತಿದೆ ಎಂದರ್ಥ. ರಿಸೋರ್ಸ್ ಮಾನಿಟರ್‌ನಲ್ಲಿ "ಹಾರ್ಡ್ ಫಾಲ್ಟ್ಸ್" ಸೆಕೆಂಡಿಗೆ ನೂರುಗಟ್ಟಲೆ ಬರುತ್ತಲೇ ಇದ್ದರೆ ಸಂಶಯವೇ ಬೇಡ. ರ‍್ಯಾಮ್‌ನ ಪ್ರತಿಕ್ರಿಯೆ ನ್ಯಾನೋಸೆಕೆಂಡ್ ಲೆಕ್ಕದ್ದು, ಸಾಟಾ ಎಸ್‌ಎಸ್‌ಡಿಯದು ಮೈಕ್ರೋಸೆಕೆಂಡ್ ಲೆಕ್ಕದ್ದು. ಮೌಸ್ ತಡವರಿಸುವುದು ಆ ಅಂತರದಲ್ಲಿ.

ನಿಮ್ಮ ಪಟ್ಟಿಗೆ ರ‍್ಯಾಮ್ ಲೆಕ್ಕ ಹಾಕೋಣ:

ಡೊಮೈನ್ ಕಂಟ್ರೋಲರ್: 4 ಜಿಬಿ
ವಿಂಡೋಸ್ 11: 6 × 2 = 12 ಜಿಬಿ
ಕುಬರ್ನೆಟಿಸ್: 4 × 3 = 12 ಜಿಬಿ
ಪೋಸ್ಟ್‌ಗ್ರೆಸ್: 6 ಜಿಬಿ
ಫೈರ್‌ವಾಲ್: 2 ಜಿಬಿ
ಲಿನಕ್ಸ್ ಸರ್ವರ್: 1.5 × 4 = 6 ಜಿಬಿ

ಒಟ್ಟು 42. ವಿಂಡೋಸ್ 11ಕ್ಕೆ ಅಧಿಕೃತ ಕನಿಷ್ಠ 4 ಜಿಬಿ ನಿಜ, ಆದರೆ ಒಂದು ಬ್ರೌಸರ್ ತೆರೆದು ಹಿಂದೆ ಅಪ್‌ಡೇಟ್ ಓಡಿತೆಂದರೆ 4 ಜಿಬಿ ಸಾಲದು, ಗೆಸ್ಟ್ (ವಿಎಂ ಒಳಗಿನ ಓಎಸ್) ತನ್ನೊಳಗೇ ಸ್ವಾಪ್ (ರ‍್ಯಾಮ್ ಬದಲು ಡಿಸ್ಕ್ ಬಳಸುವುದು) ಶುರುಮಾಡುತ್ತದೆ. ಪ್ರತಿ ವಿಎಂಗೂ ಹೈಪರ್‌ವೈಸರ್ (ವಿಎಂ ನಡೆಸುವ ಸಾಫ್ಟ್‌ವೇರ್) ತನ್ನ ಕಡೆಯಿಂದ ನೂರಿನ್ನೂರು ಎಂಬಿ ತಿನ್ನುತ್ತದೆ, 12ಕ್ಕೆ ಸುಮಾರು 2 ಜಿಬಿ ಹಿಡಿಯಿರಿ. ಹೋಸ್ಟ್‌ಗೆ ಲಿನಕ್ಸ್ ಆದರೆ 4, ವಿಂಡೋಸ್ ಡೆಸ್ಕ್‌ಟಾಪ್ ಆದರೆ 8. ಅಲ್ಲಿಗೆ 48ರಿಂದ 52. ಮಾರುಕಟ್ಟೆಯಲ್ಲಿ ಅದರ ಮೇಲಿನ ಸಹಜ ಮೆಟ್ಟಿಲು 64.

ನೆರಳುಯಂತ್ರ:
ಕಮಿಟೆಡ್ 29.6 / 33.1 ತೋರಿಸುತ್ತಿದೆ. ರ‍್ಯಾಮ್ ಉಳಿಸಲು ಬಲೂನಿಂಗ್, ಕೆಎಸ್‌ಎಂ ಅಂತೆಲ್ಲ ಇವೆಯಲ್ಲ, ಅವನ್ನು ನಂಬಿ 32 ಜಿಬಿಗೇ ನಿಲ್ಲಿಸಬಹುದೇ?

ಕರ್ನಲ್‌ಕಟ್ಟೆ:
ಬೇಡ. ಎರಡರ ಕೆಲಸವೂ ಬೇರೆ ಬೇರೆ, ಎರಡೂ ಪುಕ್ಕಟೆಯಲ್ಲ.

ಕೆಎಸ್‌ಎಂ ಹೋಸ್ಟಿನ ರ‍್ಯಾಮ್ ಗುಡಿಸುತ್ತಾ ಹೋಗಿ, ಒಂದೇ ಥರದ 4 ಕೆಬಿ ಪುಟಗಳನ್ನು ಹುಡುಕಿ ಒಂದಾಗಿಸುತ್ತದೆ. ಒಂದೇ ಟೆಂಪ್ಲೇಟಿನಿಂದ ಹುಟ್ಟಿದ ವಿಎಂಗಳಿದ್ದರೆ ಲಾಭ ಕಾಣುತ್ತದೆ, ನಿಮ್ಮ ಹಾಗೆ ನಾಲ್ಕೈದು ಬಗೆಯ ಓಎಸ್ ಇದ್ದರೆ ಕಡಿಮೆ. ಗುಡಿಸುವ ಕೆಲಸ ಸಿಪಿಯು ತಿನ್ನುತ್ತದೆ, ಹ್ಯೂಜ್ ಪೇಜ್‌ಗಳನ್ನು (ವೇಗಕ್ಕಾಗಿ ಬಳಸುವ ದೊಡ್ಡ ರ‍್ಯಾಮ್ ಪುಟಗಳು) ಒಡೆದೂ ಹಾಕುತ್ತದೆ. ಒಂದಾದ ಪುಟಕ್ಕೆ ಯಾವುದೋ ವಿಎಂ ಬರೆದ ಕ್ಷಣ ಅದು ಮತ್ತೆ ಎರಡಾಗಬೇಕು. ಎಲ್ಲ ವಿಎಂಗಳೂ ಒಟ್ಟಿಗೆ ಅಪ್‌ಡೇಟ್‌ಗೆ ಇಳಿದರೆ, ಉಳಿಸಿದ ಅಷ್ಟೂ ಜಿಬಿ ಅದೇ ಹೊತ್ತಿಗೆ ವಾಪಸ್ ಬೇಕಾಗುತ್ತದೆ.

ಬಲೂನ್ ಡ್ರೈವರ್ ಗೆಸ್ಟಿನ ಒಳಗೆ ಉಬ್ಬಿ ಅದರ ರ‍್ಯಾಮ್ ಕಿತ್ತುಕೊಂಡು ಹೋಸ್ಟ್‌ಗೆ ಕೊಡುತ್ತದೆ. ಗೆಸ್ಟ್ ಮೊದಲು ಬಿಟ್ಟುಕೊಡುವುದು ತನ್ನ ಪೇಜ್ ಕ್ಯಾಶ್ (ಓದಿದ ಫೈಲ್‌ಗಳ ರ‍್ಯಾಮ್‌ನಲ್ಲಿನ ನಕಲು). ಪೋಸ್ಟ್‌ಗ್ರೆಸ್ ನಿಂತಿರುವುದೇ ಆ ಕ್ಯಾಶ್ ಮೇಲೆ, ಹಾಗಾಗಿ ಡೇಟಾಬೇಸ್ ವಿಎಂಗೆ ಬಲೂನ್ ಬೇಡವೇ ಬೇಡ, ನಿಗದಿತ 6 ಜಿಬಿ ಕೊಟ್ಟುಬಿಡಿ. ಕುಬರ್ನೆಟಿಸ್ ನೋಡ್‌ಗಳಿಗೂ ಅದೇ ಮಾತು: ಕ್ಯೂಬ್‌ಲೆಟ್ (ಪ್ರತಿ ನೋಡ್‌ನಲ್ಲಿರುವ ಏಜೆಂಟ್) ತಾನು ಶುರುವಾದಾಗ ಕಂಡ ರ‍್ಯಾಮನ್ನೇ ವರದಿ ಮಾಡುತ್ತದೆ, ಪಾಡ್‌ಗಳು (ಕಂಟೇನರ್ ಗುಂಪುಗಳು) ಆ ಲೆಕ್ಕದಲ್ಲೇ ಹಂಚಿಕೆಯಾಗುತ್ತವೆ, ಅಡಿಯಿಂದ ರ‍್ಯಾಮ್ ಜಾರಿದರೆ ಓಓಎಂ (ರ‍್ಯಾಮ್ ಮುಗಿದಾಗ ಪ್ರೋಗ್ರಾಂ ಕೊಲ್ಲುವ ಕರ್ನಲ್ ವ್ಯವಸ್ಥೆ) ಪಾಡ್‌ಗಳನ್ನು ಕೊಲ್ಲುತ್ತದೆ.

ಇನ್ನೊಂದು ಮಾತು ಮರೆಯಬೇಡಿ. ಮುಂದೆ ಗ್ರಾಫಿಕ್ಸ್ ಕಾರ್ಡನ್ನೋ ಮತ್ಯಾವುದೋ ಪಿಸಿಐ ಸಾಧನವನ್ನೋ ನೇರವಾಗಿ ಒಂದು ವಿಎಂಗೆ ಕೊಟ್ಟರೆ, ಆ ವಿಎಂನ ಅಷ್ಟೂ ರ‍್ಯಾಮ್ ಹೋಸ್ಟಿನಲ್ಲಿ ಪಿನ್ ಆಗಿ ಕೂರುತ್ತದೆ. ಸಾಧನ ಯಾವ ವಿಳಾಸಕ್ಕೆ ಡಿಎಂಎ (ಸಿಪಿಯು ಇಲ್ಲದೆ ನೇರವಾಗಿ ರ‍್ಯಾಮ್‌ಗೆ ಓದು-ಬರಹ) ಮಾಡೀತು ಎಂದು ಹೋಸ್ಟ್‌ಗೆ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಯಾವ ಪುಟವನ್ನೂ ಕದಲಿಸುವಂತಿಲ್ಲ. ಬಲೂನ್ ಅಲ್ಲಿ ಕೆಲಸಕ್ಕೆ ಬಾರದು.

ಅಡಕತಟ್ಟೆ:
ರ‍್ಯಾಮ್ ಸರಿಹೋದ ಮೇಲೆ ನಿಮ್ಮನ್ನು ಕಾಡುವುದು ಡಿಸ್ಕ್. ಜನ ಇಲ್ಲಿ ಎಡವುವುದು ಸೆಕೆಂಡಿಗೆ ಎಷ್ಟು ಎಂಬಿ ಅನ್ನುವ ಅಂಕಿ ನೋಡಿ. 12 ವಿಎಂ ಅಂದರೆ 12 ಓಎಸ್‌ಗಳು ಬೇರೆ ಬೇರೆ ಜಾಗದಿಂದ ಚೂರುಚೂರು ಓದುವುದು, ಬರೆಯುವುದು. ಅಲ್ಲಿ ಲೆಕ್ಕಕ್ಕೆ ಬರುವುದು ಐಓಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಮತ್ತು ತಡ.

7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಸರಾಸರಿ ಅರ್ಧ ಸುತ್ತು 4.2, ಹೆಡ್ ಸರಿಯಲು ಇನ್ನೊಂದು 8ರಿಂದ 9. ಒಂದು ಯಾದೃಚ್ಛಿಕ ಓದಿಗೆ 12–13 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 80. ಅದನ್ನು ಹನ್ನೆರಡಕ್ಕೆ ಹಂಚಿದರೆ ತಲಾ ಆರೇಳು. ವಿಂಡೋಸ್ ಗೆಸ್ಟ್ ಲಾಗಿನ್ ಪರದೆ ತಲುಪುವ ಹೊತ್ತಿಗೆ ತಾಳ್ಮೆ ಮುಗಿದಿರುತ್ತದೆ. ಹಾರ್ಡ್ ಡಿಸ್ಕನ್ನು ಬ್ಯಾಕಪ್‌ಗೆ ಮಾತ್ರ ಇಡಿ.

ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಐಓಪಿಎಸ್ ಕೊಡುತ್ತದೆ, ಆದರೆ ದಾರಿ ಒಂದೇ: ಒಂದು ಸರತಿ, ಅದರಲ್ಲಿ 32 ಆದೇಶ. ಎನ್‌ವಿಎಂಇಯಲ್ಲಿ (ಪಿಸಿಐ ದಾರಿಯ ವೇಗದ ಎಸ್‌ಎಸ್‌ಡಿ) ಪ್ರತಿ ಕೋರ್‌ಗೂ ತನ್ನದೇ ಸರತಿ ಇರುತ್ತದೆ. ಒಂದು ವಿಎಂ ಫೈಲ್ ನಕಲು ಮಾಡುತ್ತಿದ್ದಾಗ ಉಳಿದವು ಉಸಿರಾಡುವುದು ಇದರಿಂದಲೇ.

ಎನ್‌ವಿಎಂಇ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್) ಚಿಪ್‌ನವು ಮೊದಲು ಎಸ್‌ಎಲ್‌ಸಿ (ಕೋಶಕ್ಕೆ ಒಂದೇ ಬಿಟ್) ಕ್ಯಾಶ್‌ಗೆ ವೇಗವಾಗಿ ಬರೆದುಕೊಂಡು, ಅದು ತುಂಬಿದ ಮೇಲೆ ಮುಗ್ಗರಿಸುತ್ತವೆ. ಹಲವು ಮಾದರಿಗಳು ಸೆಕೆಂಡಿಗೆ 100–200 ಎಂಬಿಗೆ ಇಳಿಯುತ್ತವೆ. 80 ಜಿಬಿಯ ವಿಎಂ ಕ್ಲೋನ್ ಮಾಡುವಾಗ ಅರ್ಧದಲ್ಲಿ ಎಲ್ಲ ವಿಎಂಗಳೂ ಒಟ್ಟಿಗೆ ನಿಂತಂತಾದರೆ ಕಾರಣ ಇದು. ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್), ಜೊತೆಗೆ ಡಿರ‍್ಯಾಮ್ ಕ್ಯಾಶ್ ಇರುವುದನ್ನೇ ಆರಿಸಿ.

ಮತ್ತೆ ಎಫ್‌ಸಿಂಕ್, ಅಂದರೆ ಡೇಟಾ ಡಿಸ್ಕಿಗೆ ಮುಟ್ಟಿತೆಂದು ಖಚಿತಪಡಿಸಿಕೊಳ್ಳುವ ಆದೇಶ. ಕುಬರ್ನೆಟಿಸ್‌ನ ಇಟಿಸಿಡಿ (ಅದರ ಸ್ಥಿತಿ ಇಡುವ ಡೇಟಾಬೇಸ್) ಪ್ರತಿ ಬರಹವನ್ನೂ ಡಿಸ್ಕಿಗೆ ಮುಟ್ಟಿಸಿಯೇ ಮುಂದೆ ಹೋಗುತ್ತದೆ. ಅದರ ಎಫ್‌ಸಿಂಕ್ ತಡ ನೂರರಲ್ಲಿ 99 ಬಾರಿ 10 ಮಿಲಿಸೆಕೆಂಡ್ ಒಳಗಿರಬೇಕು ಅನ್ನುವುದು ಇಟಿಸಿಡಿಯವರದೇ ಮಾರ್ಗಸೂಚಿ. ಮೂರು ಕಂಟ್ರೋಲ್ ಪ್ಲೇನ್ (ಕ್ಲಸ್ಟರ್ ನಿಯಂತ್ರಿಸುವ) ನೋಡ್‌ಗಳು ಒಂದೇ ಡಿಸ್ಕಿನ ಮೇಲೆ ಕೂತಿದ್ದು ಡಿಸ್ಕ್ ತಡಮಾಡಿದರೆ, ಲೀಡರ್ ಚುನಾವಣೆ ಮೇಲಿಂದ ಮೇಲೆ ನಡೆಯುತ್ತದೆ, ಕ್ಯೂಬ್‌ಕಂಟ್ರೋಲ್ (ಕುಬರ್ನೆಟಿಸ್‌ಗೆ ಆದೇಶ ಕೊಡುವ ಸಾಧನ) ಉತ್ತರಿಸುವುದಿಲ್ಲ. ಆಗ ಎಲ್ಲರೂ ನೆಟ್‌ವರ್ಕ್ ಹುಡುಕುತ್ತಾರೆ, ತಪ್ಪು ಡಿಸ್ಕಿನದು. ವಿದ್ಯುತ್ ಹೋದರೂ ಕೈಯಲ್ಲಿದ್ದ ಡೇಟಾ ಬರೆದು ಮುಗಿಸುವಷ್ಟು ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳು ಎಫ್‌ಸಿಂಕ್‌ಗೆ ಕೂಡಲೇ "ಆಯಿತು" ಅನ್ನಬಲ್ಲವು. ಸಾಮಾನ್ಯ ಗ್ರಾಹಕ ಡ್ರೈವ್ ಫ್ಲ್ಯಾಶ್‌ಗೆ ಬರೆದು ಮುಗಿಸಿಯೇ ಹೇಳಬೇಕು.

ಅಳೆಯಲು ಲಿನಕ್ಸ್ ಹೋಸ್ಟಿನಲ್ಲಿ ಐಓಸ್ಟ್ಯಾಟ್ ಓಡಿಸಿ, ಓದು ಮತ್ತು ಬರಹದ "ಅವೇಟ್" (ಕಾಯುವ ಹೊತ್ತು) ಕಾಲಂ ನೋಡಿ. ಎನ್‌ವಿಎಂಇಯಲ್ಲಿ ಅದು 1 ಮಿಲಿಸೆಕೆಂಡ್ ಒಳಗಿರಬೇಕು. ಸದಾ 10 ಮೀರುತ್ತಿದ್ದರೆ ಡಿಸ್ಕೇ ಅಡ್ಡಿ.

ನೆರಳುಯಂತ್ರ:
ಗಾತ್ರ ಎಷ್ಟು ಬೇಕು? 1 ಟಿಬಿ ಸಾಕೇ?

ಅಡಕತಟ್ಟೆ:
ಡೊಮೈನ್ ಕಂಟ್ರೋಲರ್ 60, ವಿಂಡೋಸ್ 11 ತಲಾ 80 (ಅಧಿಕೃತ ಕನಿಷ್ಠ 64), ನೋಡ್ ತಲಾ 40, ಡೇಟಾಬೇಸ್ 100, ಫೈರ್‌ವಾಲ್ 16, ಚಿಕ್ಕ ಲಿನಕ್ಸ್ ತಲಾ 20. ಕೂಡಿದರೆ 536 ಜಿಬಿ. ಸ್ನ್ಯಾಪ್‌ಶಾಟ್‌ಗೆ (ವಿಎಂನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿದ್ದು) ಮೂವತ್ತು ಪ್ರತಿಶತ ಸೇರಿಸಿ, ಡ್ರೈವ್‌ನ ಐದನೇ ಒಂದು ಭಾಗ ಖಾಲಿ ಬಿಡಿ: 870ರ ಹತ್ತಿರ. 1 ಟಿಬಿಯಲ್ಲಿ ಹಿಡಿಸುತ್ತದೆ, ಉಸಿರಾಡಲು ಜಾಗವಿಲ್ಲ. 2 ಟಿಬಿ ಹಾಕಿ.

ಥಿನ್ ಪ್ರಾವಿಷನಿಂಗ್ (ಬಳಸಿದಷ್ಟೇ ಜಾಗ ಹಿಡಿಯುವುದು) ಮಾಡಿದರೆ ಶುರುವಿನಲ್ಲಿ ಇದರ ಅರ್ಧವೂ ಬಳಕೆಯಾಗುವುದಿಲ್ಲ, ಅಪಾಯ ಇರುವುದೂ ಅಲ್ಲೇ. ಗೆಸ್ಟಿನಲ್ಲಿ 30 ಜಿಬಿ ಅಳಿಸಿದರೂ ಹೋಸ್ಟಿನಲ್ಲಿ ಜಾಗ ವಾಪಸ್ ಬರುವುದಿಲ್ಲ, ಡಿಸ್ಕಾರ್ಡ್ ಆಯ್ಕೆ ಚಾಲೂ ಮಾಡಿ ಗೆಸ್ಟ್‌ನಿಂದ ಟ್ರಿಮ್ (ಈ ಜಾಗ ಖಾಲಿ ಎಂಬ ಸೂಚನೆ) ಕಳಿಸುವ ತನಕ. ಎಲ್‌ವಿಎಂ (ಲಿನಕ್ಸ್‌ನ ಡಿಸ್ಕ್ ಹಂಚಿಕೆ ವ್ಯವಸ್ಥೆ) ಥಿನ್ ಪೂಲ್ ಪೂರ್ತಿ ತುಂಬಿದ ಕ್ಷಣ ಅದರ ಮೇಲಿರುವ ಎಲ್ಲ ವಿಎಂಗಳೂ ಬರೆಯಲಾರದೆ ನಿಲ್ಲುತ್ತವೆ, ಫೈಲ್‌ಸಿಸ್ಟಂ ಕೆಡುವುದೂ ಉಂಟು. ಡೇಟಾ ಭಾಗದಷ್ಟೇ ಮೆಟಾಡೇಟಾ ಭಾಗದ ಮೇಲೂ ಕಣ್ಣಿಡಿ, ಅದು ಬೇರೆಯಾಗಿ ತುಂಬುತ್ತದೆ. 80% ದಾಟಿದಾಗ ಎಚ್ಚರಿಸುವ ಸ್ಕ್ರಿಪ್ಟ್ ಒಂದನ್ನು ಮೊದಲ ದಿನವೇ ಹಾಕಿ.

ಹಳೇ ಸ್ನ್ಯಾಪ್‌ಶಾಟ್ ಮರೆತು ಬಿಟ್ಟರೆ ಅದೂ ಸದ್ದಿಲ್ಲದೆ ಬೆಳೆಯುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ.

ಬೆಟ್ಟದಹಾದಿ:
ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಂ ಹಾಕುವುದಾದರೆ 1 ಟಿಬಿಗೆ 1 ಜಿಬಿ ರ‍್ಯಾಮ್, ಜೊತೆಗೆ ಕನಿಷ್ಠ 16 ಜಿಬಿ ಆರ್ಕ್‌ಗೆ (ಅದರ ರ‍್ಯಾಮ್ ಕ್ಯಾಶ್) ಅಂತ ಬಿಡಬೇಕಲ್ಲವೇ? ಹಾಗಾದರೆ 64 ಸಾಲದು.

ಅಡಕತಟ್ಟೆ:
ಆ ಸೂತ್ರ ದೊಡ್ಡ ಫೈಲ್ ಸರ್ವರ್‌ಗಳಿಗೆ ಹುಟ್ಟಿದ ಅಂದಾಜು, 2 ಟಿಬಿಯ ಎನ್‌ವಿಎಂಇಗೆ ಅನ್ವಯಿಸಬೇಕಿಲ್ಲ. ಡೀಡೂಪ್ (ಒಂದೇ ಥರದ ಡೇಟಾವನ್ನು ಒಮ್ಮೆ ಮಾತ್ರ ಇಡುವುದು) ಹಾಕದಿದ್ದರೆ 4 ಜಿಬಿ ಆರ್ಕ್‌ನಲ್ಲಿ ಈ ಗಾತ್ರದ ಪೂಲ್ ಚೆನ್ನಾಗಿ ಓಡುತ್ತದೆ. ನಿಜವಾದ ತೊಂದರೆ ಮಿತಿ ಹಾಕದೆ ಬಿಟ್ಟಾಗ: ಲಿನಕ್ಸ್‌ನಲ್ಲಿ ಬಹಳ ಕಾಲ ಆರ್ಕ್‌ನ ಡಿಫಾಲ್ಟ್ ಮಿತಿ ರ‍್ಯಾಮ್‌ನ ಅರ್ಧದಷ್ಟಿತ್ತು. ವಿಎಂ ಎದ್ದು ಒಮ್ಮೆಲೇ 6 ಜಿಬಿ ಕೇಳಿದಾಗ ಆರ್ಕ್ ಅಷ್ಟು ಬೇಗ ಕುಗ್ಗದಿದ್ದರೆ ಓಓಎಂ ಒಂದು ವಿಎಂ ಅನ್ನೇ ಕೊಲ್ಲುತ್ತದೆ. ಪ್ರಾಕ್ಸ್‌ಮಾಕ್ಸ್ (ವಿಎಂ ನಡೆಸಲೆಂದೇ ಇರುವ ಲಿನಕ್ಸ್ ವ್ಯವಸ್ಥೆ) 8.1ರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಮಿತಿಯನ್ನು ರ‍್ಯಾಮ್‌ನ 10%ಕ್ಕೆ, ಹೆಚ್ಚೆಂದರೆ 16 ಜಿಬಿಗೆ ಇಳಿಸಿದ್ದಾರೆ. ಹಳೆಯದನ್ನು ಅಪ್‌ಗ್ರೇಡ್ ಮಾಡಿಕೊಂಡು ಬಂದವರು ಕೈಯಾರೆ ಹಾಕಬೇಕು.

ಜೆಡ್‌ಎಫ್‌ಎಸ್ ಮೇಲೆ ಕ್ಯೂಕೌ2 (ವಿಎಂ ಡಿಸ್ಕಿನ ಒಂದು ನಮೂನೆ) ಫೈಲ್ ಇಡಬೇಡಿ. ಎರಡೂ ಕಾಪಿ-ಆನ್-ರೈಟ್ (ಹಳೆಯದರ ಮೇಲೆ ಬರೆಯದೆ ಹೊಸ ಜಾಗಕ್ಕೆ ಬರೆಯುವುದು), ಒಂದು ಬರಹ ಹಲವಾಗುತ್ತದೆ. ಜೆಡ್‌ವಾಲ್ (ಜೆಡ್‌ಎಫ್‌ಎಸ್ ಕೊಡುವ ವರ್ಚುವಲ್ ಡಿಸ್ಕ್) ಕೊಡಿ, ಅಥವಾ ರಾ ಫೈಲ್.

ಬೆಟ್ಟದಹಾದಿ:
ಬರಹ ಹೆಚ್ಚಾಗಿ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅನ್ನುವ ಭಯ?

ಒರಟುಗಣಿತ:
1 ಟಿಬಿ ಟಿಎಲ್‌ಸಿ ಡ್ರೈವ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಬರೆಯುವ ಸಹಿಷ್ಣುತೆ 600 ಟಿಬಿ. ವಿಎಂಗಳೆಲ್ಲ ಸೇರಿ ದಿನಕ್ಕೆ 40 ಜಿಬಿ ಬರೆದರೆ ವರ್ಷಕ್ಕೆ 14.6 ಟಿಬಿ. ಜೆಡ್‌ಎಫ್‌ಎಸ್‌ನಿಂದ ಐದು ಪಟ್ಟಾಯಿತು ಅಂತಲೇ ಇಟ್ಟುಕೊಂಡರೂ 73 ಟಿಬಿ, ಎಂಟು ವರ್ಷ. 2 ಟಿಬಿಯದಾದರೆ ಅದರ ದುಪ್ಪಟ್ಟು. ಭಯ ಬೇಡ. ಆದರೆ ಡ್ರೈವ್‌ನ ಸ್ಮಾರ್ಟ್ (ಆರೋಗ್ಯ) ವರದಿಯ "ಪರ್ಸೆಂಟೇಜ್ ಯೂಸ್ಡ್" ಸಾಲನ್ನು ತಿಂಗಳಿಗೊಮ್ಮೆ ನೋಡಿ.

ಕರ್ನಲ್‌ಕಟ್ಟೆ:
ಈಗ ಸಿಪಿಯುಗೆ ಬರೋಣ, ಏಕೆಂದರೆ ಅಲ್ಲಿ ಹಣ ಸುಮ್ಮನೆ ಸುರಿಯಬಹುದು.

ನಿಮ್ಮ ಪಟ್ಟಿಗೆ ವರ್ಚುವಲ್ ಸಿಪಿಯು ಹೀಗೆ ಕೊಡಿ: ಡೊಮೈನ್ ಕಂಟ್ರೋಲರ್ 2, ವಿಂಡೋಸ್ 11 ತಲಾ 4, ನೋಡ್ ತಲಾ 2, ಡೇಟಾಬೇಸ್ 4, ಫೈರ್‌ವಾಲ್ 2, ಚಿಕ್ಕವು ತಲಾ 1. ಒಟ್ಟು 26. ಆರು ಕೋರ್‌ಗೆ ಅನುಪಾತ 4.3ಕ್ಕೆ 1. ಬಹುಪಾಲು ಹೊತ್ತು ಸುಮ್ಮನಿರುವ ಇಂಥ ವಿಎಂಗಳಿಗೆ 4:1 ಸುತ್ತಮುತ್ತ ಸಲೀಸು. ಥ್ರೆಡ್ ಲೆಕ್ಕ ಹಿಡಿದು 12 ಕೋರ್ ಇದೆ ಅಂದುಕೊಳ್ಳಬೇಡಿ. ಒಂದೇ ಕೋರ್‌ನ ಎರಡನೇ ಥ್ರೆಡ್ ಕೊಡುವುದು ಕೆಲಸ ನೋಡಿಕೊಂಡು ಇನ್ನೊಂದು 20–30% ಅಷ್ಟೇ. ದಿನವಿಡೀ ಕಂಪೈಲ್, ಟೆಸ್ಟ್ ಓಡಿಸುವವರಿಗೆ ಮಾತ್ರ 8 ಅಥವಾ 12 ಕೋರ್ ಬೇಕೆನಿಸೀತು.

ಎಲ್ಲ ವಿಎಂಗೂ 8 ಕೊಟ್ಟರೆ ವೇಗ ಹೆಚ್ಚುತ್ತದೆ ಅನ್ನುವುದು ತಪ್ಪು. ಗೆಸ್ಟಿನ ಒಂದು ವರ್ಚುವಲ್ ಸಿಪಿಯು ಸ್ಪಿನ್‌ಲಾಕ್ (ಉಳಿದವರನ್ನು ಕಾಯಿಸುವ ಬೀಗ) ಹಿಡಿದಿರುವಾಗಲೇ ಹೋಸ್ಟ್ ಅದನ್ನು ಬದಿಗೆ ಸರಿಸಿತು ಅನ್ನಿ. ಉಳಿದ ಏಳೂ ಆ ಲಾಕ್‌ಗಾಗಿ ಸುಮ್ಮನೆ ಗಿರಗಿರ ಸುತ್ತುತ್ತವೆ, ಆ ಸುತ್ತುವಿಕೆಯೇ ಹೋಸ್ಟಿನ ಕೋರ್‌ಗಳನ್ನು ತಿನ್ನುತ್ತದೆ. ಲಿನಕ್ಸ್ ಗೆಸ್ಟಿನಲ್ಲಿ ಟಾಪ್ ಆದೇಶ ಓಡಿಸಿ "ಎಸ್‌ಟಿ" (ಹೋಸ್ಟ್ ಕಸಿದುಕೊಂಡ ಸಿಪಿಯು ಹೊತ್ತಿನ ಪ್ರತಿಶತ) ಅಂಕಿ ನೋಡಿ. ಅದು 5 ದಾಟುತ್ತಲೇ ಇದ್ದರೆ ಮೊದಲು ಹಂಚಿದ್ದನ್ನು ಕಡಿಮೆ ಮಾಡಿ, ಪ್ರೊಸೆಸರ್ ಕೊಳ್ಳುವ ಯೋಚನೆ ಆಮೇಲೆ.

ಇಂಟೆಲ್ 12ನೇ ಪೀಳಿಗೆಯಿಂದೀಚೆಗೆ ಹಲವು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ದೊಡ್ಡ ಮತ್ತು ಚಿಕ್ಕ ಕೋರ್ ಬೆರಕೆ ಇರುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಗೆಸ್ಟ್‌ಗೆ ಆ ಭೇದ ಕಾಣುವುದಿಲ್ಲ, ವರ್ಚುವಲ್ ಸಿಪಿಯು ಅಲ್ಲಿಂದಿಲ್ಲಿಗೆ ಅಲೆಯುತ್ತಾ ಒಂದೇ ಕ್ವೆರಿ ಒಮ್ಮೆ ಬೇಗ, ಒಮ್ಮೆ ತಡ. ಅಫಿನಿಟಿ (ಯಾವ ವಿಎಂ ಯಾವ ಕೋರ್‌ನಲ್ಲಿ ಎಂಬ ನಿಗದಿ) ಹಾಕಿ. 8 ದೊಡ್ಡ (ತಲಾ ಎರಡು ಥ್ರೆಡ್), 16 ಚಿಕ್ಕ ಕೋರ್‌ನ ಚಿಪ್ಪಿನಲ್ಲಿ ಲಿನಕ್ಸ್ ಸಾಮಾನ್ಯವಾಗಿ 0–15 ದೊಡ್ಡವಕ್ಕೆ, 16–31 ಚಿಕ್ಕವಕ್ಕೆ ಸಂಖ್ಯೆ ಕೊಡುತ್ತದೆ. ಡೇಟಾಬೇಸ್, ವಿಂಡೋಸ್ ಮೊದಲ ಗುಂಪಿಗೆ. ಫೈರ್‌ವಾಲ್, ಚಿಕ್ಕ ಲಿನಕ್ಸ್ ಎರಡನೆಯದಕ್ಕೆ.

ನೆರಳುಯಂತ್ರ:
ವರ್ಚುವಲ್‌ಬಾಕ್ಸ್ ಕೆಳಗಡೆ ಹಸಿರು ಆಮೆ ಚಿಹ್ನೆ ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಕರ್ನಲ್‌ಕಟ್ಟೆ:
ನೇರ ಸಂಬಂಧ. ವಿಂಡೋಸ್‌ನದೇ ಹೈಪರ್‌ವೈಸರ್ ಆದ ಹೈಪರ್-ವಿ ಆಗಲೇ ಪ್ರೊಸೆಸರ್‌ನ ವಿಎಂ ಸೌಲಭ್ಯ (ವಿಟಿ-ಎಕ್ಸ್ ಅಥವಾ ಎಎಂಡಿ-ವಿ) ಹಿಡಿದುಕೊಂಡು ಕೂತಿದೆ, ವರ್ಚುವಲ್‌ಬಾಕ್ಸ್ ಅದರ ಬೆನ್ನ ಮೇಲೆ ಓಡುತ್ತಿದೆ. ಹೈಪರ್-ವಿ ನೀವು ಹಾಕದಿದ್ದರೂ ಡಬ್ಲ್ಯುಎಸ್‌ಎಲ್2 (ವಿಂಡೋಸ್ ಒಳಗೆ ಓಡುವ ಲಿನಕ್ಸ್) ಅಥವಾ ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಅದನ್ನು ಎಬ್ಬಿಸಿರುತ್ತದೆ. ಅವನ್ನು ಆಫ್ ಮಾಡಿ ರೀಬೂಟ್ ಮಾಡಿದರೆ ಆಮೆ ಹೋಗುತ್ತದೆ. ಮೆಮೊರಿ ಇಂಟೆಗ್ರಿಟಿ ಆಫ್ ಮಾಡುವುದೆಂದರೆ ದಿನಬಳಕೆಯ ಯಂತ್ರದ ಒಂದು ರಕ್ಷಣೆ ತೆಗೆಯುವುದು, ಹಾಗಾಗಿ ನನ್ನ ಒತ್ತಾಯ ಬೇರೆ: 12 ವಿಎಂ ಓಡಿಸುವ ಪೆಟ್ಟಿಗೆಗೆ ಡೆಸ್ಕ್‌ಟಾಪ್ ಓಎಸ್ಸೇ ಬೇಡ. ಪ್ರಾಕ್ಸ್‌ಮಾಕ್ಸ್ ಅಥವಾ ಸಾದಾ ಡೆಬಿಯನ್ ಮೇಲೆ ಕೆವಿಎಂ (ಲಿನಕ್ಸ್‌ನ ಹೈಪರ್‌ವೈಸರ್) ಹಾಕಿ, ಬೇರೆ ಲ್ಯಾಪ್‌ಟಾಪ್‌ನಿಂದ ಬ್ರೌಸರ್‌ನಲ್ಲಿ ನಡೆಸಿ. ವಿಂಡೋಸ್‌ನಲ್ಲೇ ಇರಬೇಕೆಂದರೆ ಪ್ರೊ ಆವೃತ್ತಿಯ ಹೈಪರ್-ವಿಯೇ ವಾಸಿ. ಹೋಮ್ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ.

ಪ್ರಾಕ್ಸ್‌ಮಾಕ್ಸ್‌ಗೆ ಬಂದರೆ ಮೂರು ಕಡೆ ಎಡವುತ್ತೀರಿ.

ಬಯಾಸ್‌ನಲ್ಲಿ ಎಎಂಡಿ ಬೋರ್ಡ್ ಆದರೆ ಎಸ್‌ವಿಎಂ (ಎಎಂಡಿ-ವಿಯ ಇನ್ನೊಂದು ಹೆಸರು), ಇಂಟೆಲ್ ಆದರೆ ವಿಟಿ-ಎಕ್ಸ್ ಚಾಲೂ ಇರಬೇಕು. ಬಯಾಸ್ ಅಪ್‌ಡೇಟ್ ಆದಮೇಲೆ ಅದು ಮತ್ತೆ ಆರಿಹೋಗಿರುವುದು ತೀರಾ ಸಾಮಾನ್ಯ.

ವಿಎಂಗೆ ತೋರಿಸುವ ಸಿಪಿಯು ಬಗೆ. ಆವೃತ್ತಿ 8ರಿಂದ ಡಿಫಾಲ್ಟ್ ಎಕ್ಸ್86-64-ವಿ2-ಎಇಎಸ್ (ವಿ2, ವಿ3 ಎಂಬವು ಸಿಪಿಯು ಸಾಮರ್ಥ್ಯದ ಮಟ್ಟಗಳು). ರೆಡ್ ಹ್ಯಾಟ್ 9ಕ್ಕೆ ವಿ2 ಸಾಕು, 10ಕ್ಕೆ ವಿ3 ಬೇಕು, ಡಿಫಾಲ್ಟ್‌ನಲ್ಲಿ ಬೂಟ್ ಆಗದೆ ಪ್ಯಾನಿಕ್ ಆಗುತ್ತದೆ. ಒಂದೇ ಯಂತ್ರವಿದ್ದು ವಿಎಂ ಬೇರೆಡೆ ಸಾಗಿಸುವ ಅಗತ್ಯ ಇಲ್ಲದಿದ್ದರೆ ಲಿನಕ್ಸ್ ಗೆಸ್ಟ್‌ಗಳಿಗೆ "ಹೋಸ್ಟ್" ಬಗೆ (ನಿಜವಾದ ಸಿಪಿಯುವನ್ನೇ ತೋರಿಸುವುದು) ಕೊಡಿ. ವಿಂಡೋಸ್ 11ಕ್ಕೆ ಮಾತ್ರ ಎರಡೂ ಬಗೆ ಅಳೆದು ನೋಡಿ. "ಹೋಸ್ಟ್" ಕೊಟ್ಟಾಗ ಗೆಸ್ಟ್ ಒಳಗೇ ವಿಂಡೋಸ್ ತನ್ನ ಹೈಪರ್‌ವೈಸರ್ ಎಬ್ಬಿಸಿಕೊಂಡು ನಿಧಾನವಾಗುವುದುಂಟು.

ಡಿಸ್ಕ್ ಬಸ್. ವರ್ಟಿಯೋ (ವಿಎಂಗೆಂದೇ ಮಾಡಿದ ವರ್ಚುವಲ್ ಸಾಧನ) ಸ್ಕಜಿ ಸಿಂಗಲ್, ಐಓಥ್ರೆಡ್ (ಡಿಸ್ಕಿಗೆ ಪ್ರತ್ಯೇಕ ಥ್ರೆಡ್) ಮತ್ತು ಡಿಸ್ಕಾರ್ಡ್ ಚಾಲೂ. ವಿಂಡೋಸ್ ಇನ್‌ಸ್ಟಾಲರ್‌ಗೆ ವರ್ಟಿಯೋ ಡ್ರೈವರ್ ಗೊತ್ತಿಲ್ಲ, ಡಿಸ್ಕ್ ಪಟ್ಟಿ ಖಾಲಿ ಕಾಣುತ್ತದೆ. ವರ್ಟಿಯೋ ಐಎಸ್‌ಓವನ್ನು ಎರಡನೇ ಸಿಡಿಯಾಗಿ ಸೇರಿಸಿ "ಲೋಡ್ ಡ್ರೈವರ್" ಒತ್ತಿ. ವಿಂಡೋಸ್ 11ಕ್ಕೆ ವರ್ಚುವಲ್ ಟಿಪಿಎಂ 2.0 ಮತ್ತು ಯುಇಎಫ್‌ಐ ಸಹ ಸೇರಿಸಬೇಕು.

ತಂತಿಜಾಲ:
ನೆಟ್‌ವರ್ಕ್ ಬಗ್ಗೆ ಯಾರೂ ಹೇಳಿಲ್ಲ. ಹಾರ್ಡ್‌ವೇರ್ ಇಲ್ಲಿ ಹೆಚ್ಚೇನೂ ಬೇಡ, ಒಂದೇ ಬ್ರಿಡ್ಜಿನಲ್ಲಿ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಇರುವ ವಿಎಂಗಳು ಮಾತಾಡಿಕೊಳ್ಳುವಾಗ ಪ್ಯಾಕೆಟ್ ಭೌತಿಕ ಕಾರ್ಡಿನ ತನಕ ಹೋಗುವುದೇ ಇಲ್ಲ. 1 ಗಿಗಾಬಿಟ್ ಪೋರ್ಟ್ ಸಾಕು, ಫೈರ್‌ವಾಲ್ ವಿಎಂ ಮನೆಯ ಅಂಚಿನಲ್ಲಿ ಕೂರುವುದಾದರೆ ಮಾತ್ರ ಎರಡನೇ ಪೋರ್ಟ್. ಆದರೆ ತಂತಿ ಬೇಕೇ ಬೇಕು. ವೈಫೈ ಕ್ಲೈಂಟ್ ತನ್ನ ಒಂದು ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತು) ಮಾತ್ರ ಆಕ್ಸೆಸ್ ಪಾಯಿಂಟ್‌ಗೆ ಪರಿಚಿತ, ಹಿಂದಿರುವ 12 ಮ್ಯಾಕ್‌ಗಳ ಫ್ರೇಮ್‌ಗಳನ್ನು ಅದು ಒಪ್ಪುವುದಿಲ್ಲ. ಸಾದಾ ಬ್ರಿಡ್ಜ್ ವೈಫೈ ಮೇಲೆ ಕೂರದಿರುವುದು ಇದಕ್ಕೇ.

ಟೆಂಪ್ಲೇಟಿನಿಂದ ಕ್ಲೋನ್ ಮಾಡಿದ ಉಬುಂಟು ವಿಎಂಗಳಿಗೆಲ್ಲ ಒಂದೇ ಐಪಿ ಬಂದರೆ ಗಾಬರಿಯಾಗಬೇಡಿ. ಮ್ಯಾಕ್ ಬೇರೆಯಾದರೂ ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ಗುರುತು ಮೆಷಿನ್-ಐಡಿ ಫೈಲಿನಿಂದ ಹುಟ್ಟುತ್ತದೆ, ಅದು ಕ್ಲೋನ್‌ನಲ್ಲಿ ನಕಲಾಗಿದೆ. ಟೆಂಪ್ಲೇಟ್ ಮಾಡುವ ಮೊದಲು ಆ ಫೈಲನ್ನು ಖಾಲಿ ಮಾಡಿ, ಅಳಿಸಬೇಡಿ.

ನೆರಳುಯಂತ್ರ:
ರ‍್ಯಾಮ್ ವಿಷಯಕ್ಕೆ ವಾಪಸ್. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್, ಎರಡರಲ್ಲಿ 8 ಜಿಬಿ ಕಡ್ಡಿಗಳಿವೆ. ಉಳಿದೆರಡಕ್ಕೆ 16 ಜಿಬಿಯವು ಹಾಕಲೇ, ಅಥವಾ ಪೂರ್ತಿ ಬದಲಿಸಲೇ? ಬದಲಿಸುವುದಾದರೆ ಡಿಡಿಆರ್5ಕ್ಕೇ ಹೋಗಲೇ?

ಒರಟುಗಣಿತ:
ಹಾಗೆ ಬೆರೆಸಿದರೆ ಸಿಗುವುದು 48, ನಿಮ್ಮ ಲೆಕ್ಕ ಅದರ ಅಂಚಿನಲ್ಲಿದೆ. 32 ಜಿಬಿಯ ಎರಡು ಕಡ್ಡಿ ಒಂದೇ ಕಿಟ್ ಆಗಿ ತಗೊಂಡು, ಕೈಪಿಡಿಯಲ್ಲಿ ಹೇಳಿದ ಎರಡು ಸ್ಲಾಟ್‌ಗಳಿಗೆ ಹಾಕಿ, ಹಳೆಯವನ್ನು ತೆಗೆಯಿರಿ. ಮುಂದೆ ಅದೇ ಮಾದರಿಯ ಇನ್ನೆರಡು ಹಾಕಿ 128ಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಕೈಪಿಡಿಯಲ್ಲಿ ಗರಿಷ್ಠ ಮಿತಿ ನೋಡಿಕೊಳ್ಳಿ. ಸರ್ವರ್‌ನಿಂದ ಕಳಚಿದ ರಿಜಿಸ್ಟರ್ಡ್ ಕಡ್ಡಿಗಳು ಸ್ಲಾಟ್‌ಗೆ ಕೂತಂತೆ ಕಂಡರೂ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಓಡುವುದಿಲ್ಲ.

ಈ ಕೆಲಸಕ್ಕಾಗಿಯೇ ಡಿಡಿಆರ್5ಕ್ಕೆ ಹೋಗುವುದು ಬೇಡ. ಹೋಗುವವರಿದ್ದರೆ ಎರಡೇ ಕಡ್ಡಿಯಲ್ಲಿ ಮುಗಿಸಿ: 48 ಜಿಬಿಯ ಎರಡಾದರೆ 96. ರೈಝೆನ್ 7000 ಸರಣಿಯಲ್ಲಿ ಎರಡು ಕಡ್ಡಿಗೆ ಅಧಿಕೃತ ವೇಗ 5200, ನಾಲ್ಕು ತುಂಬಿದರೆ 3600. ವಿಎಂಗಳಿಗೆ ವೇಗಕ್ಕಿಂತ ಗಾತ್ರ ಮುಖ್ಯ ಅನ್ನುವುದು ನಿಜ, ಆದರೂ ಎರಡರಲ್ಲಿ ಮುಗಿಯುವುದನ್ನು ನಾಲ್ಕರಲ್ಲಿ ಮಾಡಬೇಕಿಲ್ಲ. ಮೊದಲ ಬೂಟ್‌ನಲ್ಲಿ ಮೆಮೊರಿ ಟ್ರೈನಿಂಗ್ ಕೆಲವು ನಿಮಿಷ ಹಿಡಿದು ಪರದೆ ಕಪ್ಪಾಗಿಯೇ ಇರುತ್ತದೆ, ಕೆಟ್ಟಿತೆಂದು ಪವರ್ ತೆಗೆಯಬೇಡಿ.

ಬೆಟ್ಟದಹಾದಿ:
ಇಸಿಸಿ (ದೋಷ ತಿದ್ದಿಕೊಳ್ಳುವ ರ‍್ಯಾಮ್)? ಹಳೇ ಎರಡು ಸಾಕೆಟ್ ಸರ್ವರ್ ತಂದರೆ ಅದೂ ಸಿಗುತ್ತದಲ್ಲ.

ಕರ್ನಲ್‌ಕಟ್ಟೆ:
ಇಸಿಸಿ ಇದ್ದರೆ ಬಹಳ ಒಳ್ಳೆಯದು, ಲ್ಯಾಬಿಗೆ ಕಡ್ಡಾಯವಲ್ಲ. ಡಿಡಿಆರ್5ರ ಆನ್-ಡೈ ಇಸಿಸಿ ಚಿಪ್ಪಿನ ಒಳಗಿನ ದೋಷ ಮಾತ್ರ ತಿದ್ದುತ್ತದೆ, ಅದನ್ನು ನಿಜವಾದ ಇಸಿಸಿ ಅಂದುಕೊಳ್ಳಬೇಡಿ. ರೈಝೆನ್‌ನಲ್ಲಿ ನಿಜವಾದ ಇಸಿಸಿ ಬೋರ್ಡ್ ತಯಾರಕರ ಬೆಂಬಲದ ಮೇಲೆ ನಿಂತಿದೆ, ಇಂಟೆಲ್ 12–14ನೇ ಪೀಳಿಗೆಯಲ್ಲಿ ಡಬ್ಲ್ಯು680 ಥರದ ಚಿಪ್‌ಸೆಟ್ ಬೇಕು.

ಹಳೇ ಸರ್ವರ್ ಸುಮ್ಮನೆ ಕೂತಾಗಲೇ 150 ವ್ಯಾಟ್ ಎಳೆದರೆ ವರ್ಷಕ್ಕೆ 1314 ಕಿಲೋವ್ಯಾಟ್-ಗಂಟೆ. 60 ವ್ಯಾಟ್‌ನ ಡೆಸ್ಕ್‌ಟಾಪ್‌ಗೆ 526. ಮೇಲೆ ಫ್ಯಾನ್ ಸದ್ದು, ಒಂದೊಂದು ಕೋರ್‌ನ ನಿಧಾನ. ದಿನದ 24 ಗಂಟೆ ಓಡಿಸುವವರಿಗೆ ನಾನು ಹೇಳುವುದಿಲ್ಲ.

ನೆರಳುಯಂತ್ರ:
ಸರಿ. 32×2, 2 ಟಿಬಿ ಟಿಎಲ್‌ಸಿ ಎನ್‌ವಿಎಂಇ, ಪ್ರೊಸೆಸರ್ ಇದ್ದದ್ದೇ. ಹಾಕುವ ಕ್ರಮ ಹೇಗೆ? ಹಳೇ ಸಾಟಾ ಎಸ್‌ಎಸ್‌ಡಿ ಏನು ಮಾಡಲಿ?

ಅಡಕತಟ್ಟೆ:
ರ‍್ಯಾಮ್ ಹಾಕಿದ ಕೂಡಲೇ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಲಿ. ಒಂದೇ ಒಂದು ದೋಷ ಕಂಡರೂ ಕಿಟ್ ವಾಪಸ್ ಕೊಡಿ. ಕೆಟ್ಟ ಬಿಟ್ ಹನ್ನೆರಡು ವಿಎಂಗಳಲ್ಲಿ ಹನ್ನೆರಡು ಬೇರೆ ಬೇರೆ ರೋಗವಾಗಿ ಕಾಣಿಸಿಕೊಳ್ಳುತ್ತದೆ.

ಎನ್‌ವಿಎಂಇಯನ್ನು ಸಿಪಿಯುಗೆ ನೇರ ಜೋಡಿಸಿದ ಎಂ.2 ಸ್ಲಾಟ್‌ಗೆ ಹಾಕಿ, ಕೈಪಿಡಿಯಲ್ಲಿ ಗುರುತಿಸಿರುತ್ತಾರೆ. ಚಿಪ್‌ಸೆಟ್ ಮೂಲಕ ಹೋಗುವ ಸ್ಲಾಟ್ ತನ್ನ ದಾರಿಯನ್ನು ಸಾಟಾ, ಯುಎಸ್‌ಬಿ, ನೆಟ್‌ವರ್ಕ್ ಜೊತೆ ಹಂಚಿಕೊಳ್ಳುತ್ತದೆ. ಹೀಟ್‌ಸಿಂಕ್ ಬಿಡಬೇಡಿ, ಬಿಸಿ ಏರಿದರೆ ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಹಳೇ ವಿಎಂಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಂಡ ಮೇಲೆ ಸಾಟಾ ಎಸ್‌ಎಸ್‌ಡಿಗೆ ಪ್ರಾಕ್ಸ್‌ಮಾಕ್ಸ್ ಹಾಕಿ, ಐಎಸ್‌ಓ, ಟೆಂಪ್ಲೇಟ್ ಕೂಡ ಅಲ್ಲೇ ಇರಲಿ. ಎನ್‌ವಿಎಂಇ ಪೂರ್ತಿ ವಿಎಂಗಳಿಗೆ. ಬ್ಯಾಕಪ್ ಈ ಎರಡರಲ್ಲೂ ಬೇಡ, ಬೇರೆ ಹಾರ್ಡ್ ಡಿಸ್ಕಿಗೆ ಹೋಗಲಿ. ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುವುದರಿಂದ ಡಿಸ್ಕ್ ಸತ್ತರೆ ಅದೂ ಸಾಯುತ್ತದೆ.

ಬೂಟ್ ಕ್ರಮ ಮೊದಲೇ ಬರೆದಿಡಿ: ಫೈರ್‌ವಾಲ್ ಮೊದಲು, 30 ಸೆಕೆಂಡ್ ಬಿಟ್ಟು ಡೊಮೈನ್ ಕಂಟ್ರೋಲರ್, ಅದು ಡಿಎನ್‌ಎಸ್ ಕೊಡಲು ಶುರುಮಾಡಲು 90 ಸೆಕೆಂಡ್, ಆಮೇಲೆ ಡೇಟಾಬೇಸ್, ನೋಡ್‌ಗಳು 20 ಸೆಕೆಂಡ್ ಅಂತರದಲ್ಲಿ ಒಂದೊಂದಾಗಿ, ಕೊನೆಗೆ ಎರಡೂ ವಿಂಡೋಸ್ 11. ಕರೆಂಟ್ ಹೋಗಿ ಬಂದಾಗ ಹನ್ನೆರಡೂ ಒಟ್ಟಿಗೆ ಎದ್ದರೆ ಎಷ್ಟೇ ಒಳ್ಳೆಯ ಡಿಸ್ಕಾದರೂ ಕೆಲವು ನಿಮಿಷ ಒದ್ದಾಡುತ್ತದೆ, ಡಿಎನ್‌ಎಸ್ ಸಿಗದೆ ಅರ್ಧ ಸೇವೆಗಳು ಸೋತು ಮಲಗುತ್ತವೆ.